ಐದನೇ ಡೌನ್ ಮತ್ತು ಕೋಚ್ ಮೆಕಾರ್ಟ್ನಿ

ಮಿಸೌರಿ ವಿಶ್ವವಿದ್ಯಾಲಯದಲ್ಲಿ ಓದಿದ ಹಳಬರು ಒಂದೆಡೆ ಸೇರಿದರೆ ಮಾತು ಮೊದಲು ಆರು ಕಂಬಗಳತ್ತ ಹೋಗುತ್ತದೆ. 1892ರ ಬೆಂಕಿಯಲ್ಲಿ ಕಟ್ಟಡವೆಲ್ಲ ಸುಟ್ಟರೂ ನಿಂತೇ ಉಳಿದ ಕಂಬಗಳು ಅವು. ಆಮೇಲೆ ಅಲ್ಲಿನ ಫುಟ್‌ಬಾಲ್ ಮೈದಾನ ಫರೋ ಫೀಲ್ಡ್‌ನ ಉತ್ತರದ ದಿಬ್ಬದ ಮೇಲೆ ಸುಣ್ಣ ಬಳಿದ ಕಲ್ಲುಗಳಲ್ಲಿ ಮೂಡಿರುವ ದೊಡ್ಡ ‘ಎಂ’ ಅಕ್ಷರದ ಸುದ್ದಿ. ಫರೋ ಫೀಲ್ಡ್ ಅಂದಮೇಲೆ ಎದುರಾಳಿ ಕೊಲರಾಡೊ ತಂಡದ ಕೋಚ್ ಆಗಿದ್ದ ಬಿಲ್ ಮೆಕಾರ್ಟ್ನಿ ಹೆಸರನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆ. ಅಲ್ಲಿಂದ ಜಗಳ ಶುರು. ಅವರು ದೊಡ್ಡ ಕೋಚ್ ಎನ್ನುವುದರಲ್ಲಿ ಎರಡು ಮಾತಿಲ್ಲ. ಒಳ್ಳೆಯ ಕ್ರೀಡಾ ಮನೋಭಾವದ ಮನುಷ್ಯ ಹೌದೋ ಅಲ್ಲವೋ ಎನ್ನುವುದೇ ತಕರಾರು. ಹಳೆಯ ವಿದ್ಯಾರ್ಥಿಗಳ ನೆನಪಿಗೆಂದು ಮೀಸಲಿಟ್ಟ ಈ ಪುಟಗಳಲ್ಲಿ ಆ ತಕರಾರನ್ನೇ ಬಿಡಿಸಿ ಇಡುತ್ತೇನೆ.

ಅಮೆರಿಕನ್ ಫುಟ್‌ಬಾಲ್ ನೋಡದವರಿಗೆ ಇಷ್ಟು ಗೊತ್ತಿದ್ದರೆ ಸಾಕು. ಚೆಂಡು ಹಿಡಿದ ತಂಡಕ್ಕೆ 10 ಗಜ ಮುಂದೆ ಸಾಗಲು 4 ಅವಕಾಶ. ಒಂದೊಂದು ಅವಕಾಶವೂ ಒಂದೊಂದು ಡೌನ್. ಗೋಲ್ ಗೆರೆ 10 ಗಜಕ್ಕಿಂತ ಹತ್ತಿರವಿದ್ದರೆ ಆ ನಾಲ್ಕರೊಳಗೆ ಗೆರೆ ದಾಟಬೇಕು, ಇಲ್ಲವಾದರೆ ಚೆಂಡು ಎದುರಾಳಿಗೆ. ಎಷ್ಟನೇ ಡೌನ್ ಎಂದು ತೋರಿಸಲು ಅಂಚಿನ ಗೆರೆಯ ಬಳಿ ಒಬ್ಬ ಅಂಕಿ ಫಲಕದ ಕೋಲು ಹಿಡಿದು ನಿಂತಿರುತ್ತಾನೆ. ಅಧಿಕಾರಿಗಳ ಸನ್ನೆ ನೋಡಿ ಅಂಕಿ ಮಗುಚುವುದು ಅವನ ಕೆಲಸ. ಅಧಿಕಾರಿಗಳದು ಬೇರೆ ಲೆಕ್ಕ. ಕೈಗೆ ಸಿಕ್ಕಿಸಿಕೊಂಡ ರಬ್ಬರ್ ಕುಣಿಕೆಯನ್ನು ಮೊದಲ ಡೌನ್‌ಗೆ ತೋರುಬೆರಳಿಗೆ, ಎರಡನೆಯದಕ್ಕೆ ನಡುಬೆರಳಿಗೆ, ಹೀಗೆ ದಾಟಿಸುತ್ತ ಹೋಗುವುದು ರೂಢಿ. ಆಟ ಒಂದೇ ಲಯದಲ್ಲಿ ಸಾಗುವಾಗ ಈ ಲೆಕ್ಕ ತಪ್ಪುವುದು ಅಪರೂಪ. ತಪ್ಪುವುದು ಲಯ ಮುರಿದಾಗ: ಟೈಮ್‌ಔಟ್, ದಂಡ, ವಾಗ್ವಾದ.

1990ರ ಅಕ್ಟೋಬರ್ 6ರಂದು ಫರೋ ಫೀಲ್ಡ್‌ನಲ್ಲಿ ಆದದ್ದು ಅದೇ. ಕೊನೆಯ ನಿಮಿಷದಲ್ಲಿ ಮಿಸೌರಿ 31, ಕೊಲರಾಡೊ 27. ನಾಲ್ಕು ಅಂಕ ಹಿಂದಿದ್ದುದರಿಂದ ಕೊಲರಾಡೊಗೆ 3 ಅಂಕದ ಫೀಲ್ಡ್ ಗೋಲ್ ಒದ್ದು ಉಪಯೋಗವಿರಲಿಲ್ಲ, ಚೆಂಡನ್ನು ಗೋಲ್ ಗೆರೆ ದಾಟಿಸಿ 6 ಅಂಕ ಪಡೆಯುವ ಟಚ್‌ಡೌನ್ ಬೇಕೇ ಬೇಕಿತ್ತು. ಚೆಂಡು ಎಸೆದು ದಾಳಿ ನಡೆಸುವ ಮೊದಲ ಕ್ವಾರ್ಟರ್‌ಬ್ಯಾಕ್ ಡೇರಿಯನ್ ಹೇಗನ್ ಗಾಯಗೊಂಡಿದ್ದರಿಂದ ಚಾರ್ಲ್ಸ್ ಜಾನ್ಸನ್ ಆಡುತ್ತಿದ್ದರು. ಜಾನ್ಸನ್ ಎಸೆದ ಚೆಂಡನ್ನು ಟೈಟ್ ಎಂಡ್ ಜಾನ್ ಬೋಮನ್ ಹಿಡಿದಾಗ ಗೋಲ್ ಗೆರೆಯವರೆಗೂ ದಾರಿ ಬಯಲಾಗಿತ್ತು. ಆದರೆ 3 ಗಜ ದೂರದಲ್ಲಿ ಅವರ ಕಾಲು ಜಾರಿತು. ಈ ಜಾರುವಿಕೆಯನ್ನು ನೆನಪಿಟ್ಟುಕೊಳ್ಳಿ, ಮುಂದಿನ ವಾದವೆಲ್ಲ ನಿಂತಿರುವುದು ಇದರ ಮೇಲೆ.

ಮೊದಲ ಡೌನ್: ಗಡಿಯಾರ ನಿಲ್ಲಿಸಲು ಜಾನ್ಸನ್ ಚೆಂಡನ್ನು ನೆಲಕ್ಕೆ ಕುಕ್ಕಿದರು. ಹಾಗೆ ಕುಕ್ಕಿದ್ದು ಅಪೂರ್ಣ ಪಾಸ್ ಎಂದು ಲೆಕ್ಕ. ಗಡಿಯಾರ ನಿಲ್ಲುತ್ತದೆ, ಜೊತೆಗೆ ಒಂದು ಡೌನ್ ಖರ್ಚಾಗುತ್ತದೆ. ಎರಡನೆಯದು: ಕೊಲರಾಡೊದ ಎರಿಕ್ ಬಿಯೆನಿಮಿ ನಡುವಿನಿಂದ ನುಗ್ಗಿ 1 ಗಜದ ಬಳಿ ಬಿದ್ದರು. 18 ಸೆಕೆಂಡ್ ಉಳಿದಿತ್ತು, ಕೊಲರಾಡೊ ತನ್ನ ಕೊನೆಯ ಟೈಮ್‌ಔಟ್ ಕೇಳಿತು. ಲೆಕ್ಕ ತಪ್ಪಿದ್ದು ಈ ವಿರಾಮದಲ್ಲೇ. ಮೆಕಾರ್ಟ್ನಿ ರೆಫರಿಯೊಂದಿಗೆ ಮಾತಿಗೆ ನಿಂತರು, ಫಲಕವನ್ನು ಯಾರೂ ಮಗುಚಲಿಲ್ಲ. ಆಟ ಮತ್ತೆ ಶುರುವಾದಾಗಲೂ ಫಲಕದಲ್ಲಿ ಇದ್ದದ್ದು 2. ಬಿಯೆನಿಮಿ ಮತ್ತೆ ನುಗ್ಗಿದರು, ಮಿಸೌರಿ ತಡೆಯಿತು. ಅದು ನಿಜವಾಗಿ ಮೂರನೆಯದು. ಆಮೇಲೆ ಫಲಕ 3 ತೋರಿಸಿತು, ಜಾನ್ಸನ್ ಮತ್ತೆ ಚೆಂಡು ಕುಕ್ಕಿದರು. ನಾಲ್ಕು ಡೌನ್ ಮುಗಿದವು, ಪಂದ್ಯ ಅಲ್ಲಿಗೇ ಮಿಸೌರಿಯದಾಗಬೇಕಿತ್ತು. ಗಡಿಯಾರದಲ್ಲಿ 2 ಸೆಕೆಂಡ್ ಉಳಿದಿತ್ತು, ಫಲಕದಲ್ಲಿ 4. ಜಾನ್ಸನ್ ತಾವೇ ಚೆಂಡು ಹಿಡಿದು ಗೆರೆಯತ್ತ ಬಿದ್ದರು. ಟಚ್‌ಡೌನ್ ಎಂದು ಕೈ ಮೇಲೆದ್ದಿತು. ಆ ಐದನೆಯದರಲ್ಲೂ ಚೆಂಡು ಗೆರೆ ಮುಟ್ಟಲಿಲ್ಲ ಎನ್ನುವ ಮಿಸೌರಿಯವರು ಇಂದಿಗೂ ಕಡಿಮೆಯಿಲ್ಲ. ಆಗ ರಿಪ್ಲೇ ನೋಡಿ ತೀರ್ಪು ಬದಲಿಸುವ ಪದ್ಧತಿ ಇರಲಿಲ್ಲ. ಅಧಿಕಾರಿಗಳು ಬಹಳ ಹೊತ್ತು ಗುಂಪುಗೂಡಿ ಮಾತಾಡಿಕೊಂಡು ಟಚ್‌ಡೌನನ್ನೇ ಉಳಿಸಿದರು. ಟಚ್‌ಡೌನ್ ಆದಮೇಲೆ ಒದ್ದು ಪಡೆಯುವ ಹೆಚ್ಚುವರಿ ಅಂಕಕ್ಕೆ ಕೊಲರಾಡೊ ಒದೆಯದೆ ಮಂಡಿಯೂರಿತು. ಒದ್ದ ಚೆಂಡನ್ನು ಎದುರಾಳಿ ತಡೆದು ಆ ತುದಿಗೆ ಒಯ್ದರೆ 2 ಅಂಕ ಸಿಕ್ಕಿ ಪಂದ್ಯ ಸಮವಾಗುತ್ತಿತ್ತು. ಕೊನೆಗೆ 33–31.

ಎರಡೂ ತಂಡಗಳು ಸೇರಿದ್ದ ಬಿಗ್ ಎಯ್ಟ್ ಒಕ್ಕೂಟ ಅಧಿಕಾರಿಗಳ ತಂಡವನ್ನು ಅಮಾನತು ಮಾಡಿತು. ಫಲಿತಾಂಶ ಬದಲಾಗಲಿಲ್ಲ. ಕ್ರಿಕೆಟ್ಟಿನಲ್ಲೂ ಹೀಗೇ ಅಲ್ಲವೇ, ಅಂಪೈರ್ ಚೆಂಡುಗಳನ್ನು ತಪ್ಪಾಗಿ ಎಣಿಸಿದರೂ ಅವರು ಎಣಿಸಿದಷ್ಟೇ ಓವರ್.

ಕೊಲರಾಡೊ ಅಭಿಮಾನಿಗಳ ವಾದಗಳಲ್ಲಿ ಒಂದು ನಿಜಕ್ಕೂ ಗಟ್ಟಿಯಾದದ್ದು, ಮಿಸೌರಿಯವರು ಅದಕ್ಕೆ ಕಿವಿಗೊಡುವುದೇ ಇಲ್ಲ. ಅದು ನಾಲ್ಕನೇ ಡೌನ್ ಎಂದು ಗೊತ್ತಿದ್ದರೆ ಜಾನ್ಸನ್ ಚೆಂಡು ಕುಕ್ಕುತ್ತಿದ್ದರೇ? ಖಂಡಿತ ಇಲ್ಲ, ಗೆರೆ ದಾಟುವ ಆಟವನ್ನೇ ಆಡುತ್ತಿದ್ದರು. ಫಲಕ ನಂಬಿ ಒಂದು ಡೌನ್ ಸುಮ್ಮನೆ ಕಳೆದರು. ಹಾಗಾಗಿ ಇದು ಕದ್ದ ಅವಕಾಶ ಅನ್ನುವುದು ಪೂರ್ತಿ ನ್ಯಾಯವಲ್ಲ. ಇದಕ್ಕೆ ಮಿಸೌರಿಯವರ ಉತ್ತರ: ಡೌನ್ ಎಣಿಸುವುದು ಫಲಕದವನ ಕೆಲಸ ಮಾತ್ರವಲ್ಲ, ಕ್ವಾರ್ಟರ್‌ಬ್ಯಾಕ್‌ನದೂ ಕೋಚ್‌ನದೂ ಹೌದು. ಅದೂ ಸರಿಯೇ. ಆದರೆ ಆ ಮಾತು ಎದುರಿನ ಬೆಂಚಿಗೂ ಅನ್ವಯಿಸುತ್ತದೆ. ಎಣಿಕೆ ತಪ್ಪಿದ್ದಕ್ಕೆ ಮೆಕಾರ್ಟ್ನಿಯನ್ನು ಮೋಸಗಾರ ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ಅವರು ತಪ್ಪಿದ್ದು ಸೀಟಿ ಊದಿದ ಮೇಲೆ. ಐದು ಡೌನ್ ಆಗಿದೆ ಎಂದು ಎಲ್ಲರಿಗೂ ತಿಳಿದ ಮೇಲೆ, ಗೆಲುವನ್ನು ಬಿಟ್ಟುಕೊಡುತ್ತೀರಾ ಎಂಬ ಪ್ರಶ್ನೆ ಬಂದಾಗ, ಅವರು ಮೈದಾನವನ್ನು ದೂರಿದರು. ಈ ನೆಲ ಆಡಲು ಯೋಗ್ಯವಲ್ಲ, ಆದ್ದರಿಂದ ಬಿಟ್ಟುಕೊಡುವುದಿಲ್ಲ ಎಂಬ ಅರ್ಥದ ಮಾತಾಡಿದರು. ದೂರಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಆಗ ಫರೋ ಫೀಲ್ಡ್‌ಗೆ ಹಾಸಿದ್ದು ಆಮ್ನಿಟರ್ಫ್, ಮರಳು ತುಂಬಿದ ಕೃತಕ ಹುಲ್ಲು. ಆಟಗಾರರು ಅದರ ಮೇಲೆ ಜಾರುತ್ತಿದ್ದದ್ದು ನಿಜ. 1995ರಲ್ಲಿ ವಿಶ್ವವಿದ್ಯಾಲಯವೇ ಅದನ್ನು ಕಿತ್ತು ಸಹಜ ಹುಲ್ಲು ಬೆಳೆಸಿತು. ಆದರೆ ಬೋಮನ್ ಜಾರಿದ ಸಾಲವನ್ನು ಅಧಿಕಾರಿಗಳ ತಪ್ಪಿನಿಂದ ವಸೂಲಿ ಮಾಡಿಕೊಳ್ಳುವುದು ಯಾವ ಲೆಕ್ಕ? ಅದೇ ನೆಲದ ಮೇಲೆ ಮಿಸೌರಿಯ ಹುಡುಗರೂ ಆಡಿದ್ದರು. ಆ ದಿನ ಮೆಕಾರ್ಟ್ನಿ ಒಂದೇ ಒಂದು ವಾಕ್ಯದಲ್ಲಿ, ಈ ಗೆಲುವು ನಮ್ಮದಲ್ಲ ಎಂದು ಒಪ್ಪಿಕೊಂಡು ಸುಮ್ಮನಾಗಿದ್ದರೂ ಈ ಜಗಳ ಇಷ್ಟು ವರ್ಷ ಬಾಳುತ್ತಿರಲಿಲ್ಲ.

ಮಿಸೌರಿಯವರದು ಹೊಟ್ಟೆಕಿಚ್ಚಿಗಿಂತ ಹೆಚ್ಚಾಗಿ ನೋವು, ಅದಕ್ಕೆ ಕಾರಣ ಇನ್ನೊಂದು. ಮೆಕಾರ್ಟ್ನಿ ಮಿಸೌರಿಯದೇ ಹಳೆಯ ವಿದ್ಯಾರ್ಥಿ. ಡ್ಯಾನ್ ಡಿವೈನ್ ಕೋಚ್ ಆಗಿದ್ದ ಕಾಲದಲ್ಲಿ ಇದೇ ಮೈದಾನದಲ್ಲಿ ಆಡಿದವರು. ಅದೇ 1990ರಲ್ಲಿ ಅವರು ಪ್ರಾಮಿಸ್ ಕೀಪರ್ಸ್ ಎಂಬ ಕ್ರೈಸ್ತ ಪುರುಷರ ಸಂಘಟನೆಯನ್ನೂ ಕಟ್ಟಿದರು. ನುಡಿದಂತೆ ನಡೆಯಬೇಕು ಎನ್ನುವುದೇ ಅದರ ಹುರುಳು. ಜನ ಅವರನ್ನು ಅಳೆದದ್ದು ಅವರೇ ಎತ್ತಿ ಹಿಡಿದ ಅಳತೆಗೋಲಿನಿಂದ.

ಇನ್ನು ಬಿಟ್ಟುಕೊಡುವ ಮಾತು. ಅದು ಆಗದ ಹೋಗದ ಬೇಡಿಕೆ ಅನ್ನುವಂತಿಲ್ಲ. 1940ರ ನವೆಂಬರ್ 16ರಂದು ಅಮೆರಿಕದ ಹ್ಯಾನೋವರ್ ಊರಿನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ತಂಡ ಡಾರ್ಟ್‌ಮತ್ ಕಾಲೇಜಿನ ಎದುರು ಹೀಗೇ ಐದನೇ ಡೌನ್‌ನಲ್ಲಿ ಟಚ್‌ಡೌನ್ ಹೊಡೆದು 7–3ರಿಂದ ಗೆದ್ದಿತು. ಅಲ್ಲಿಯೂ ಲಯ ಮುರಿದದ್ದೇ ಕಾರಣ, ನಡುವೆ ಬಂದ ಒಂದು ದಂಡ ರೆಫರಿ ರೆಡ್ ಫ್ರೀಸೆಲ್ ಅವರ ಎಣಿಕೆ ಕೆಡಿಸಿತು. ಕಾರ್ನೆಲ್ ಆಗ ಸತತ 18 ಪಂದ್ಯ ಸೋಲು ಕಾಣದ ತಂಡ. ಪಂದ್ಯದ ಫಿಲ್ಮ್ ನೋಡಿ ತಪ್ಪು ಖಚಿತವಾದಾಗ ಕೋಚ್ ಕಾರ್ಲ್ ಸ್ನೇವ್ಲಿಯೂ ಕ್ರೀಡಾ ನಿರ್ದೇಶಕರೂ ತಂತಿ ಕಳಿಸಿ ಗೆಲುವನ್ನು ಬಿಟ್ಟುಕೊಟ್ಟರು. ಡಾರ್ಟ್‌ಮತ್ ಒಪ್ಪಿಕೊಂಡಿತು, ದಾಖಲೆಯಲ್ಲಿ ಅದು ಇಂದಿಗೂ ಡಾರ್ಟ್‌ಮತ್ 3, ಕಾರ್ನೆಲ್ 0. ಫ್ರೀಸೆಲ್ ಕೂಡ ತಮ್ಮ ತಪ್ಪನ್ನು ತಾವೇ ಬಹಿರಂಗವಾಗಿ ಒಪ್ಪಿಕೊಂಡರು.

ಮೆಕಾರ್ಟ್ನಿಗೆ ಪಣ ದೊಡ್ಡದಿತ್ತು, ಒಪ್ಪುತ್ತೇನೆ. 1984ರಲ್ಲಿ 11ರಲ್ಲಿ ಒಂದೇ ಪಂದ್ಯ ಗೆದ್ದ ತಂಡವನ್ನು ಕೈಹಿಡಿದು ಮೇಲೆತ್ತಿದವರು ಅವರು. 1990ರ ಋತುವಿನ ಕೊನೆಗೆ ಕೊಲರಾಡೊ ಆರೆಂಜ್ ಬೌಲ್ ಪಂದ್ಯದಲ್ಲಿ ನೋಟರ್ ಡೇಮ್ ತಂಡವನ್ನು 10–9ರಿಂದ ಸೋಲಿಸಿತು, ಎಪಿ ಸುದ್ದಿಸಂಸ್ಥೆ ನಡೆಸುವ ಪತ್ರಕರ್ತರ ಮತದಾನದಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಕೋಚ್‌ಗಳ ಮತದಾನದಲ್ಲಿ ಜಾರ್ಜಿಯಾ ಟೆಕ್ ಒಂದೇ ಒಂದು ಅಂಕದಿಂದ ಮುಂದೆ ಬಂತು. ಆ ಒಂದು ಅಂಕಕ್ಕೂ ಐದನೇ ಡೌನ್‌ಗೂ ನಂಟಿದೆಯೇ ಎಂದು ಇಂದಿಗೂ ವಾದ ನಡೆಯುತ್ತದೆ.

1998ರಲ್ಲಿ ಮೆಕಾರ್ಟ್ನಿ ತಮ್ಮ ನಡವಳಿಕೆಗೆ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. ತಡವಾಯಿತು, ಆಗ ಯಾವ ಪದಕವನ್ನೂ ಹಿಂತಿರುಗಿಸಬೇಕಿರಲಿಲ್ಲ ಎಂದು ಕೆಲವರು ಅದನ್ನು ತಳ್ಳಿಹಾಕುತ್ತಾರೆ. ನಾನು ಹಾಗೆ ಮಾಡಲಾರೆ. ಕೋಚ್ ಕೆಲಸ ಬಿಟ್ಟು ನಾಲ್ಕು ವರ್ಷವಾಗಿದ್ದ ಮನುಷ್ಯನನ್ನು ಯಾರೂ ಬಲವಂತ ಮಾಡಿರಲಿಲ್ಲ. 2025ರ ಜನವರಿಯಲ್ಲಿ ಅವರು ತೀರಿಕೊಂಡಾಗ ಸುದ್ದಿಯ ಜೊತೆ ಆ ಪಂದ್ಯದ ನೆನಪೂ ಬಂತು. ಐದು ಡೌನ್‌ಗಳನ್ನು ಬೆರಳಲ್ಲಿ ಎಣಿಸಿ ತೋರಿಸುವ ನಮ್ಮ ಮಿಸೌರಿಯ ಗೆಳೆಯರು ಆ 1998ರ ಮಾತನ್ನೂ ಎಣಿಕೆಗೆ ಸೇರಿಸಿಕೊಳ್ಳಲಿ ಎಂದು ಕೇಳಿಕೊಳ್ಳುತ್ತೇನೆ.