ಸುಮ್ಮನೆ ಒಂದು ಕಂಟೇನರ್

"ಥಾಯ್ಲೆಂಡಿನ ತಿನ್ನುವ ಪದಾರ್ಥ ಪ್ರಪಂಚಕ್ಕೆಲ್ಲ ಹೋಗುತ್ತದಂತಲ್ಲ, ಸುಮ್ಮನೆ ಒಂದು ಕಂಟೇನರ್ ಎತ್ತಿಸಿದರೆ ಎಷ್ಟು ಉಳಿಯುತ್ತದೆ?"

ನಾನು ಊರಿಗೆ ಹೋದಾಗಲೆಲ್ಲ ಈ ಪ್ರಶ್ನೆ ನನಗಿಂತ ಮೊದಲೇ ಬಂದು ಜಗಲಿಯ ಮೇಲೆ ಕೂತಿರುತ್ತದೆ. ಬ್ಯಾಂಕಾಕಿನ ರಫ್ತು ಕಂಪನಿಯೊಂದರಲ್ಲಿ ನಾನು ಕಾಗದಪತ್ರ ನೋಡುವವನು. ಉತ್ತರ: ಗೊತ್ತಿಲ್ಲ. ಗೊತ್ತಿದ್ದರೆ ನಾನೇ ಎತ್ತಿಸುತ್ತಿದ್ದೆ. ನಿಮ್ಮ ಗೃಹಪ್ರವೇಶಕ್ಕೆ ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬರುತ್ತಿರಲಿಲ್ಲ.

ಲಾಭ ಕೇಳಿದ್ದಕ್ಕೆ ನನಗೆ ಸಿಟ್ಟಿಲ್ಲ. ಸಿಟ್ಟು ಬರುವುದು ಆ 'ಸುಮ್ಮನೆ'ಗೆ. ಜಪಾನಿಗೆ ಹೋಗುವ ಮಾವು ಹಣ್ಣುನೊಣದ ಮೊಟ್ಟೆ ಸಾಯಲೆಂದು ಬಿಸಿ ಹಬೆಯಲ್ಲಿ ಕೂತು, ಒಳತಿರುಳು ಸುಮಾರು 47 ಡಿಗ್ರಿ ಮುಟ್ಟಿದ ಮೇಲೆಯೇ ಹೊರಡಬೇಕು. ಅದೇ ಮಾವಿಗೆ ಅಮೆರಿಕ ವಿಕಿರಣ ಕೇಳುತ್ತದೆ. ಅನಾನಸಿನಲ್ಲಿ ಹುಳಿಯಿದೆ, ಡಬ್ಬಿಗೆ ಕುದಿನೀರಿನ ಶಾಖ ಸಾಕು. ತೆಂಗಿನ ಹಾಲಿಗೆ ಸಾಲದು, ಒತ್ತಡದಲ್ಲಿ 121 ಡಿಗ್ರಿಯ ಸುತ್ತಮುತ್ತ ಬೇಯಬೇಕು. ಇನ್ನು ಡಬ್ಬಿ ಟ್ಯೂನಾ, ಅದರ ರಫ್ತಿನಲ್ಲಿ ಥಾಯ್ಲೆಂಡೇ ಮೊದಲು. ಆದರೆ ಮೀನು ಬಹುಪಾಲು ಅಲ್ಲಿಯದಲ್ಲ, ಹೊರಗಿನ ಸಮುದ್ರಗಳಿಂದ ಹೆಪ್ಪುಗಟ್ಟಿ ಬರುತ್ತದೆ.

ಹಲಸಿನಂತೆ ಮುಳ್ಳುಸಿಪ್ಪೆಯ ಡ್ಯೂರಿಯನ್ ಹಣ್ಣಿನ ಕಥೆ ಬೇರೆಯೇ. ತಾಜಾ ಹಣ್ಣಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಚೀನಾಕ್ಕೇ ಹೋಗುತ್ತದೆ. 2025ರ ಜನವರಿ 10ರಿಂದ ಚೀನಾ ಪ್ರತಿ ಲೋಡಿಗೂ 'ಬೇಸಿಕ್ ಯೆಲ್ಲೋ 2' ಎಂಬ ಬಟ್ಟೆ ಬಣ್ಣ ಇಲ್ಲವೆನ್ನುವ ಪರೀಕ್ಷಾ ವರದಿ ಕೇಳತೊಡಗಿತು. ಸಿಪ್ಪೆ ಹಳದಿಯಾಗಿ ಕಾಣಲೆಂದು ಯಾರೋ ಅದ್ದಿದ್ದರು, ಅದ್ದದವರ ಲಾರಿಯೂ ನಿಂತಿತು. ನಮ್ಮದೂ ಗಡಿಯಲ್ಲಿತ್ತು. ವರದಿಗೆ ಕಾಯುವಷ್ಟು ದಿನ ಹಣ್ಣು ಹಣ್ಣಾಗದೆ ಕಾಯುತ್ತದೆಯೇ? ಒಂದು ಕಿವಿಯಲ್ಲಿ ಪ್ರಯೋಗಾಲಯ, ಇನ್ನೊಂದು ಕಿವಿಯಲ್ಲಿ ಹೆಂಡತಿಯ ಸೋದರಮಾವ: "ಅಳಿಯಂದಿರೇ, ಬಿಡುವಾಗಿದ್ದೀರಾ? ಸುಮ್ಮನೆ ಒಂದು ಕಂಟೇನರ್..."

ಆ ದಿನ ನಾನು ಏನೆಂದೆನೋ ಇಲ್ಲಿ ಬರೆಯುವಂತಿಲ್ಲ. ಆಮೇಲೆ ಕ್ಷಮೆ ಕೇಳಿದ್ದೇನೆ.

ಆ ಹಣ್ಣನ್ನು ಮರದಿಂದ ಇಳಿಸುವವರು ಯಾರು ಎಂದು ಮಾತ್ರ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಥಾಯ್ಲೆಂಡಿನ ಚಂತಬುರಿ ಪ್ರಾಂತ್ಯದ ತೋಟಗಳಲ್ಲಿ ಕೊಯ್ಯುವವನು ಕೊಂಬೆಯಿಂದ ಕೊಂಬೆಗೆ ದಾಟುತ್ತಾ ಒಂದೊಂದು ಹಣ್ಣನ್ನೂ ಚೂರಿಯ ಹಿಂಬದಿಯಿಂದ ಬಡಿದು ಕೇಳುತ್ತಾನೆ. ಗಟ್ಟಿ ಸದ್ದು ಬಂದರೆ ಇನ್ನೂ ಎಳಸು, ಟೊಳ್ಳು ಸದ್ದಾದರೆ ಬಲಿತದ್ದು. ತೊಟ್ಟು ಕತ್ತರಿಸಿದರೆ ಕೆಳಗೆ ನಿಂತವನು ಗೋಣಿಚೀಲ ಬೀಸಿ, ಮೂರು ಕಿಲೋ ತೂಗುವ ಆ ಮುಳ್ಳಿನ ಗುಂಡನ್ನು ಗಾಳಿಯಲ್ಲೇ ಹಿಡಿಯುತ್ತಾನೆ. ನೆಲಕ್ಕೆ ಬಿದ್ದದ್ದು ರಫ್ತಿಗಿಲ್ಲ. ಬಲಿತದ್ದೆನ್ನಲು ಮೊಂಥಾಂಗ್ ಎಂಬ ಡ್ಯೂರಿಯನ್ ತಳಿಯ ತಿರುಳಿನಲ್ಲಿ, ನೀರು ಆರಿದ ಮೇಲೆ ಉಳಿಯುವ ಒಣ ಅಂಶ ಕನಿಷ್ಠ ಶೇಕಡಾ 32 ಇರಬೇಕು. ಪ್ರಯೋಗಾಲಯ ಒಲೆಯಲ್ಲಿ ಒಣಗಿಸಿ ತೂಗಿ ಹೇಳುವುದನ್ನು ಅವನು ಮರದ ಮೇಲೆ ಕಿವಿಯಲ್ಲೇ ಹೇಳುತ್ತಾನೆ. ಹಲಸು ಬಡಿದು ನೋಡುವ ನಮ್ಮ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಂಡಸರಿಗೇ ಕಂಟೇನರಿನ ಚಿಂತೆ.

ಕಳೆದ ಸಲ ಊಟದ ಪಂಕ್ತಿಯಲ್ಲಿ ಆ ಮಾವನವರಿಗೆ ಇದನ್ನೆಲ್ಲ ಹೇಳಿದೆ. ಎಲೆಯ ಮುಂದೆ ಕೈ ತಡೆದು ಕೇಳಿಸಿಕೊಂಡರು. ನಂತರ ನನ್ನತ್ತ ಬಾಗಿ ಮೆಲ್ಲಗೆ ಹೇಳಿದರು: "ಹಾಗಾದರೆ ಡಬ್ಬಿ ತೆಂಗಿನ ಹಾಲನ್ನೇ ತರಿಸೋಣ ಅಳಿಯಂದಿರೇ. ಅದನ್ನು ಬಡಿದು ನೋಡುವ ರಗಳೆ ಇಲ್ಲವಲ್ಲ?"

ಡಬ್ಬಿಯನ್ನೂ ಬಡಿದು ನೋಡುತ್ತಾರೆ. ಒಳಗೆ ಗಾಳಿ ಸೇರಿದ್ದರೆ ಮುಚ್ಚಳದ ಸದ್ದೇ ಬೇರೆ. ಹೇಳಲು ಹೋಗಲಿಲ್ಲ, ಅಷ್ಟರಲ್ಲಿ ಪಾಯಸ ಬಂತು.