ಆಪರೇಷನ್ ಇಲ್ಲದೆ ಮುಖ ಬಿಗಿಯಾಗುತ್ತಾ?

"ಫೇಸ್‌ಲಿಫ್ಟ್ ಅಂದ್ರೆ ಭಯ ಡಾಕ್ಟ್ರೇ, ಆಪರೇಷನ್ ಇಲ್ಲದೆ ಏನಾದ್ರೂ ಮಾಡಕ್ಕಾಗುತ್ತಾ?" ನಲವತ್ತೈದು ದಾಟಿದವರು ಚರ್ಮದ ಡಾಕ್ಟರ ಮುಂದೆ ಕೂತು ಕೇಳುವುದು ಹೆಚ್ಚುಕಡಿಮೆ ಇದನ್ನೇ. ಮುಖದ ಬಣ್ಣ ಏರುಪೇರಾಗಿದ್ದರೆ, ಗೆರೆ ಬಿದ್ದಿದ್ದರೆ, ಕೆನ್ನೆ ಗುಳಿಬಿದ್ದಿದ್ದರೆ ಖಂಡಿತ ಆಗುತ್ತದೆ. ದವಡೆಯ ಅಂಚು ಇಳಿದು ಕತ್ತಿನ ಚರ್ಮ ಜೋತುಬಿದ್ದಿದ್ದರೆ ಆಪರೇಷನ್ ಬಿಟ್ಟು ಉಳಿದದ್ದೆಲ್ಲ ಅರೆಬರೆ. ಈ ಎರಡನೆಯ ತೊಂದರೆ ಇರುವವರಿಗೂ ಮೊದಲನೆಯದರ ಚಿಕಿತ್ಸೆಯನ್ನೇ ಪ್ಯಾಕೇಜ್ ಮಾಡಿ ಮಾರುತ್ತಾರೆ. ದುಡ್ಡು ಹೋಗುವುದು ಅಲ್ಲೇ.

ನಿಮ್ಮದು ಯಾವುದು ಅಂತ ಮನೆಯಲ್ಲೇ ನೋಡಿಕೊಳ್ಳಬಹುದು. ಕೈಗನ್ನಡಿ ಹಿಡಿದು ಮೊದಲು ಕೂತು ನೋಡಿ, ಆಮೇಲೆ ಅಂಗಾತ ಮಲಗಿ ನೋಡಿ. ಮಲಗಿದಾಗ ಮುಖ ಎಷ್ಟೋ ವರ್ಷ ಹಿಂದಿನಂತೆ ಕಂಡರೆ ನಿಮ್ಮ ತೊಂದರೆ ಜೋತುಬೀಳುವುದು. ಹಾಗೇನೂ ವ್ಯತ್ಯಾಸ ಕಾಣದಿದ್ದರೆ ತೊಂದರೆ ಬಣ್ಣದಲ್ಲೋ ಗೆರೆಯಲ್ಲೋ ಇದೆ. ಮುಂದೆ ಹುಬ್ಬು ಗಂಟಿಕ್ಕಿ ಬಿಡಿ. ಬಿಟ್ಟ ಕೂಡಲೇ ಮಾಯವಾಗುವ ಗೆರೆ ಸ್ನಾಯುವಿನ ಎಳೆತದ್ದು. ಬಿಟ್ಟ ಮೇಲೂ ಉಳಿಯುವ ಗೆರೆ ಚರ್ಮಕ್ಕೇ ಇಳಿದಿರುವಂಥದ್ದು, ಅದು ಒಂದೇ ಚಿಕಿತ್ಸೆಗೆ ಪೂರ್ತಿ ಹೋಗುವುದು ಅಪರೂಪ.

ನಮ್ಮ ಗೋಧಿ ಬಣ್ಣ, ಕಂದು ಬಣ್ಣದ ಚರ್ಮದಲ್ಲಿ ಮೆಲನಿನ್ ಹೆಚ್ಚು, ಹಾಗಾಗಿ ಬಿಳಿಯರಷ್ಟು ಬೇಗ ನವಿರು ಸುಕ್ಕು ಬೀಳುವುದಿಲ್ಲ. ನಮ್ಮಲ್ಲಿ ವಯಸ್ಸು ಮೊದಲು ಕಾಣುವುದು ಕಪ್ಪು ಮಚ್ಚೆ, ಭಂಗು, ಕಣ್ಣಿನ ಕೆಳಗಿನ ಗುಳಿಯಲ್ಲಿ. ಆದ್ದರಿಂದ ಮೊದಲ ದುಡ್ಡು ಸನ್‌ಸ್ಕ್ರೀನಿಗೆ ಹೋಗಬೇಕು ಅನ್ನುವುದು ನನ್ನ ಹಟ. ಆಸ್ಟ್ರೇಲಿಯಾದ ನ್ಯಾಂಬೋರ್‌ನಲ್ಲಿ 55 ವರ್ಷದೊಳಗಿನ 900ಕ್ಕೂ ಹೆಚ್ಚು ಜನರ ಮೇಲೆ ನಾಲ್ಕೂವರೆ ವರ್ಷ ನಡೆದ ಪರೀಕ್ಷೆಯ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ದಿನಾ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮ ಮುಪ್ಪಾದದ್ದು, ಮನಸ್ಸು ಬಂದಾಗ ಹಚ್ಚಿದವರಿಗಿಂತ 24 ಶೇಕಡಾ ಕಡಿಮೆ. ಆದರೆ ಡಬ್ಬದ ಮೇಲಿನ, ಬಿಸಿಲು ತಡೆಯುವ ಶಕ್ತಿ ಹೇಳುವ ಎಸ್‌ಪಿಎಫ್ ಸಂಖ್ಯೆ ಅಳೆಯುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ಅಂದರೆ ಮುಖಕ್ಕೂ ಕತ್ತಿಗೂ ಸೇರಿ ತೋರುಬೆರಳು, ನಡುಬೆರಳುಗಳ ಉದ್ದಕ್ಕೆ ಎರಡು ಗೆರೆ. ಕಡಲೆಕಾಳಿನಷ್ಟು ಹಚ್ಚಿದರೆ ಎಸ್‌ಪಿಎಫ್ 50ರ ಟ್ಯೂಬಿನಿಂದ ಅದರ ಸಣ್ಣ ಪಾಲಷ್ಟೇ ಸಿಗುತ್ತದೆ. ಭಂಗು ಇರುವವರು ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನನ್ನೇ ಕೊಳ್ಳಿ. ಕಣ್ಣಿಗೆ ಕಾಣುವ ಬೆಳಕೂ ಭಂಗನ್ನು ಕೆರಳಿಸುತ್ತದೆ, ಬಣ್ಣವಿಲ್ಲದ ಕ್ರೀಮು ಅದನ್ನು ತಡೆಯುವುದಿಲ್ಲ. ಕಿಟಕಿಯ ಗಾಜು ಬಿಸಿಲಿನ ಯುವಿಎ ಕಿರಣವನ್ನು ಒಳಗೆ ಬಿಡುವುದರಿಂದ ಮನೆಯೊಳಗೆ ಕಿಟಕಿ ಪಕ್ಕ ಕೂರುವವರಿಗೂ ಇದು ಬೇಕು.

ರಾತ್ರಿಗೆ ಟ್ರೆಟಿನಾಯಿನ್. ಸುಕ್ಕಿಗೆ ನಿಜವಾಗಿ ಕೆಲಸ ಮಾಡುವ ಹಚ್ಚುವ ಔಷಧಗಳಲ್ಲಿ ಇದರಷ್ಟು ಪುರಾವೆ ಇರುವುದು ಇನ್ನೊಂದಿಲ್ಲ. ಬೆಲೆಯೂ ದುಬಾರಿ ಸೀರಮ್‌ಗಳಿಗಿಂತ ಎಷ್ಟೋ ಕಡಿಮೆ. 0.025 ಶೇಕಡಾದಿಂದ ಶುರು ಮಾಡಿ. ಮುಖ ತೊಳೆದು, ಪೂರ್ತಿ ಒಣಗಲು 20 ನಿಮಿಷ ಬಿಟ್ಟು, ಇಡೀ ಮುಖಕ್ಕೆ ಸೇರಿ ಒಂದು ಬಟಾಣಿಯಷ್ಟು, ವಾರಕ್ಕೆ ಎರಡೋ ಮೂರೋ ರಾತ್ರಿ. ಮೇಲೆ ಮಾಯಿಶ್ಚರೈಸರ್. ಮೊದಲ ಕೆಲವು ವಾರ ಸಿಪ್ಪೆ ಏಳುತ್ತದೆ, ಕೆಂಪಾಗುತ್ತದೆ, ಉರಿಯುತ್ತದೆ. ಹೆಚ್ಚಿನವರು ಬಿಟ್ಟುಬಿಡುವುದು ಈ ಹಂತದಲ್ಲೇ. ಔಷಧಿ ನಿಲ್ಲಿಸುವ ಬದಲು ರಾತ್ರಿಗಳ ಸಂಖ್ಯೆ ಇಳಿಸಿ. ಬೇಗ ಗುಣ ಕಾಣಲಿ ಅಂತ ಎರಡರಷ್ಟು ಹಚ್ಚಿದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯುತ್ತದೆ. ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು. ಬಸುರಿಯರು, ಬಸುರಾಗುವ ಯೋಚನೆಯಲ್ಲಿರುವವರು ಹಚ್ಚಬಾರದು.

ಇಲ್ಲೇ ಒಂದು ಎಚ್ಚರಿಕೆ. ಮೆಡಿಕಲ್ ಶಾಪಿನಲ್ಲಿ "ಮುಖ ಬೆಳ್ಳಗಾಗುತ್ತೆ" ಅಂತ ಕೊಡುವ ಎಷ್ಟೋ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಎರಡು ವಾರ ಹೊಳಪು, ಆಮೇಲೆ ತೆಳುವಾದ ಕೆಂಪು ಚರ್ಮ, ಎದ್ದು ಕಾಣುವ ರಕ್ತನಾಳ, ಕೂದಲು. ಬಿಟ್ಟರೆ ಉರಿ, ಹಚ್ಚಿದರೆ ಹಾನಿ. ಇದನ್ನು ಬಿಡಿಸಲು ತಿಂಗಳುಗಟ್ಟಲೆ ಬೇಕಾಗುತ್ತದೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗುವುದೂ ಇದೇ ಸಾಲಿನದು. ಸುಟ್ಟ ಗುರುತಿನಂತೆ ಕಪ್ಪಾಗುತ್ತದೆ.

ಹುಬ್ಬಿನ ನಡುವಿನ ಗೆರೆ, ಹಣೆಯ ಗೆರೆ, ನಕ್ಕಾಗ ಕಣ್ಣಂಚಿನಲ್ಲಿ ಬೀಳುವ ಗೆರೆಗಳಿಗೆ, ಸ್ನಾಯುವಿನ ಎಳೆತ ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹುಬ್ಬಿನ ಗೆರೆಗೆ ಇದನ್ನು ಒಪ್ಪಿದ್ದು 2002ರಲ್ಲಿ. ಹುಬ್ಬಿನ ನಡುವೆ ಐದು ಕಡೆ ಸೇರಿ 20 ಯೂನಿಟ್, ಎರಡೂ ಕಣ್ಣಂಚಿಗೆ ಸೇರಿ 24, ಹಣೆಗೆ 20 ಅನ್ನುವುದು ಕಂಪನಿಯ ಅಳತೆ. ಸ್ನಾಯು ನೋಡಿ ಡಾಕ್ಟರು ಇಳಿಸಬಹುದು. ಇದೇ ಬಗೆಯ ಇನ್ನೊಂದು ಔಷಧಿ ಡಿಸ್ಪೋರ್ಟ್‌ನ ಯೂನಿಟ್ ಬೇರೆ, ಹುಬ್ಬಿಗೇ 50 ಬೇಕು, ಎರಡನ್ನೂ ಸಂಖ್ಯೆಯಲ್ಲಿ ಹೋಲಿಸಬೇಡಿ. ಎರಡು ಮೂರು ದಿನಕ್ಕೆ ಶುರುವಾಗಿ, ಎರಡು ವಾರಕ್ಕೆ ಪೂರ್ತಿ ಹಿಡಿದು, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಒಂದೇ ತಿಂಗಳಿಗೆ ಇಳಿದುಹೋದರೆ ಔಷಧಿಗೆ ಸಲೈನ್ ಜಾಸ್ತಿ ಬೆರೆಸಿರಬಹುದು ಅಥವಾ ಫ್ರಿಜ್ಜಿನಿಂದ ಹೊರಗಿಟ್ಟಿರಬಹುದು. "ಒಂದು ಏರಿಯಾಗೆ ಇಷ್ಟು" ಅನ್ನುವ ಲೆಕ್ಕ ಬಿಟ್ಟು ಯೂನಿಟ್ ಎಷ್ಟು ಅಂತ ಕೇಳಿ.

ಕೆಡುವುದು ಎಲ್ಲಿ? ಹಣೆಯಲ್ಲಿ ತೀರಾ ಕೆಳಗೆ ಚುಚ್ಚಿದರೆ ಹುಬ್ಬು ಇಳಿಯುತ್ತದೆ. ಹುಬ್ಬಿನ ಬಳಿ ಹಾಕಿದ್ದು ಒಳಕ್ಕೆ ಹರಿದರೆ ರೆಪ್ಪೆ ಜೋಲುತ್ತದೆ, ಸರಿಹೋಗಲು ಕೆಲವು ವಾರ ಹಿಡಿಯುತ್ತದೆ. ಚುಚ್ಚಿಸಿಕೊಂಡ ಮೇಲೆ ನಾಲ್ಕು ಗಂಟೆ ಕಾಲ ಮಲಗದಿರುವುದು, ಮರುದಿನದವರೆಗೆ ಎಣ್ಣೆ ತಿಕ್ಕಿಸಿಕೊಳ್ಳದಿರುವುದು, ಚುಚ್ಚಿದ ಜಾಗದಲ್ಲಿ ಬಿಂದಿ ಒತ್ತದಿರುವುದು ಒಳ್ಳೆಯದು. ಸ್ನಾಯು ಸೋಲುವ ಮಯಸ್ತೇನಿಯಾ ಕಾಯಿಲೆ ಇರುವವರು, ಬಸುರಿಯರು, ಮೊಲೆಯೂಡಿಸುವವರು ಹಾಕಿಸಿಕೊಳ್ಳಬಾರದು.

ಕೆನ್ನೆ, ಕಣ್ಣಿನ ಕೆಳಗಿನ ಗುಳಿಗೆ ಹಯಲುರಾನಿಕ್ ಆಸಿಡ್ ಫಿಲ್ಲರ್, ಅಂದರೆ ಗುಳಿ ತುಂಬುವ ಜೆಲ್ಲಿನ ಇಂಜೆಕ್ಷನ್. 1 ಮಿಲಿಲೀಟರಿನ ಸಿರಿಂಜು, ಬಾಳಿಕೆ ಆರರಿಂದ ಹದಿನೆಂಟು ತಿಂಗಳು. ಇದರ ದೊಡ್ಡ ಅನುಕೂಲ, ತಪ್ಪಾದರೆ ಹಯಲುರಾನಿಡೇಸ್ ಚುಚ್ಚಿ ಕರಗಿಸಬಹುದು. ಸಿಲಿಕೋನ್‌ನಂಥ ಶಾಶ್ವತ ಫಿಲ್ಲರಿಗೆ ಆ ದಾರಿಯೇ ಇಲ್ಲ, ಒಪ್ಪಬೇಡಿ. ಕಣ್ಣಿನ ಕೆಳಗೆ ಚರ್ಮದ ತೀರಾ ಮೇಲ್ಪದರಕ್ಕೆ ಹಾಕಿದರೆ ನೀಲಿ ಛಾಯೆ ಕಾಣುತ್ತದೆ. ಅದು ಅಂದದ ಮಾತಾಯಿತು. ನಿಜವಾದ ಅಪಾಯ ಫಿಲ್ಲರ್ ರಕ್ತನಾಳಕ್ಕೆ ಹೋಗುವುದು. ಚುಚ್ಚಿದ ಕೂಡಲೇ ಸುತ್ತಲ ಚರ್ಮ ಬಿಳಿಚಿಕೊಂಡರೆ, ಬಲೆಯಂಥ ನೀಲಿ ಗೆರೆ ಮೂಡಿದರೆ, ಇರಬೇಕಾದ್ದಕ್ಕಿಂತ ಹೆಚ್ಚು ನೋವಿದ್ದರೆ ಅಲ್ಲೇ ನಿಲ್ಲಿಸಿ ಕರಗಿಸುವ ಔಷಧಿ ಹಾಕಬೇಕು. ಮನೆಗೆ ಹೋದ ಮೇಲೆ ಹೀಗಾದರೆ "ನಾಳೆ ನೋಡೋಣ" ಅನ್ನಬೇಡಿ, ಚರ್ಮ ಕೊಳೆಯುತ್ತದೆ. ಮೂಗಿಗೆ ಅಥವಾ ಎರಡು ಹುಬ್ಬುಗಳ ನಡುವೆ ಹಾಕಿದಾಗ ಅಪರೂಪಕ್ಕೆ ಕಣ್ಣೇ ಹೋದದ್ದುಂಟು. ಆ ಎರಡು ಜಾಗಕ್ಕೆ ಫಿಲ್ಲರ್ ಬೇಡ ಅನ್ನುವುದೇ ನನ್ನ ಸಲಹೆ. ಆಸ್ಪಿರಿನ್ ತಗೊಳ್ಳುವವರಿಗೆ ಚುಚ್ಚಿದ ಜಾಗದಲ್ಲಿ ರಕ್ತ ಕಟ್ಟಿ ನೀಲಿಗಟ್ಟುವುದು ಹೆಚ್ಚು, ಆದರೆ ಹೃದ್ರೋಗಕ್ಕೆ ಕೊಟ್ಟ ಮಾತ್ರೆಯನ್ನು ಹಾರ್ಟ್ ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು.

ಇನ್ನು "ಬಿಗಿ ಮಾಡುವ" ಯಂತ್ರಗಳು. ಹೈಫು ಅನ್ನುವ ಅಲ್ಟ್ರಾಸೌಂಡ್ ಯಂತ್ರ ಚರ್ಮದಡಿ 1.5, 3 ಮತ್ತು 4.5 ಮಿಲಿಮೀಟರ್ ಆಳದಲ್ಲಿ ಚುಕ್ಕಿಚುಕ್ಕಿಯಾಗಿ ಬಿಸಿ ಮಾಡಿ, ಚರ್ಮವನ್ನು ಬಿಗಿಯಾಗಿಡುವ ಕೊಲಾಜೆನ್ ನಾರನ್ನು ಕುಗ್ಗಿಸುತ್ತದೆ. ಪರಿಣಾಮ ಕಾಣುವುದು ಎರಡು ಮೂರು ತಿಂಗಳಿಗೆ, ಅದೂ ಅಲ್ಪಸ್ವಲ್ಪ. ಮೂವತ್ತರ ಕೊನೆ, ನಲವತ್ತರ ಆಸುಪಾಸಿನಲ್ಲಿ ಸ್ವಲ್ಪವೇ ಸಡಿಲವಾದವರಿಗೆ ಪರವಾಗಿಲ್ಲ. ಮೊದಲೇ ಕೆನ್ನೆ ಒಣಗಿದವರಿಗೆ ಹಾಕಿದರೆ ಇದ್ದ ಕೊಬ್ಬೂ ಕರಗಿ ಇನ್ನಷ್ಟು ವಯಸ್ಸಾದಂತೆ ಕಾಣುತ್ತಾರೆ. ಚರ್ಮ ಎತ್ತಿ ಹಿಡಿಯಲು ಒಳಗೆ ಪೋಣಿಸುವ ಪಿಡಿಒ ದಾರಗಳು ಸುಮಾರು ಆರು ತಿಂಗಳಿಗೆ ಕರಗುತ್ತವೆ, ಎತ್ತಿದ ಚರ್ಮ ಅದಾಗಿ ಹೆಚ್ಚು ಕಾಲ ನಿಲ್ಲದು. ತೀರಾ ಮೇಲ್ಪದರದಲ್ಲಿ ಸಿಕ್ಕಿಸಿದರೆ ಚರ್ಮದಲ್ಲಿ ಕುಳಿ ಬೀಳುತ್ತದೆ. ಆರ್‌ಎಫ್ ಮೈಕ್ರೋನೀಡ್ಲಿಂಗ್, ಅಂದರೆ ಸಣ್ಣ ಸೂಜಿ ಚುಚ್ಚಿ ರೇಡಿಯೋ ಅಲೆಯಿಂದ ಬಿಸಿ ಮಾಡುವುದು, ಮೊಡವೆಯ ಗುಂಡಿಗೆ, ನವಿರು ಗೆರೆಗೆ ಚೆನ್ನ, ನಾಲ್ಕರಿಂದ ಆರು ವಾರಕ್ಕೊಮ್ಮೆ ಮೂರು ಸಲ. ಜೋತ ದವಡೆಗೆ ಇವ್ಯಾವುದಕ್ಕೂ ದುಡ್ಡು ಸುರಿಯಬೇಡಿ. ಅಷ್ಟು ದುಡ್ಡಿದ್ದರೆ ಒಮ್ಮೆ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಮಾತಾಡಿ.

ಪೀಲ್ (ಆಸಿಡ್ ಹಚ್ಚಿ ಮೇಲ್ಚರ್ಮ ಸುಲಿಯುವುದು), ಲೇಸರ್ ವಿಷಯದಲ್ಲಿ ನಮ್ಮ ಚರ್ಮ ಮುನಿಸಿಕೊಳ್ಳುವುದು ಬೇಗ. ಗಾಯ ಆಳವಾದಷ್ಟೂ ಆಮೇಲಿನ ಕಪ್ಪು ಕಲೆ ದಟ್ಟ. ಗ್ಲೈಕಾಲಿಕ್ ಆಸಿಡ್ ಪೀಲ್ 20ರಿಂದ 35 ಶೇಕಡಾ, ಎರಡು ಮೂರು ವಾರಕ್ಕೊಮ್ಮೆ, ಅಷ್ಟು ಸಾಕು. ಫೀನಾಲ್‌ನ ಆಳದ ಪೀಲ್ ನಮಗೆ ಬೇಡವೇ ಬೇಡ. ಬಣ್ಣ ಕೆಡುವುದಲ್ಲದೆ ಹೃದಯದ ಬಡಿತವೂ ಏರುಪೇರಾಗಬಹುದು.

ಮನೆಯಲ್ಲಿ ಮದುವೆ ಇದೆ ಅಂತ ಬರುವವರು ದಿನಾಂಕದಿಂದ ಹಿಂದಕ್ಕೆ ಎಣಿಸಬೇಕು. ಟ್ರೆಟಿನಾಯಿನ್ ಆರು ತಿಂಗಳು ಮುಂಚೆ, ಯಂತ್ರದ ಚಿಕಿತ್ಸೆ ಮೂರು ತಿಂಗಳು ಮುಂಚೆ, ಬೊಟಾಕ್ಸ್, ಫಿಲ್ಲರ್ ಒಂದು ತಿಂಗಳು ಮುಂಚೆ, ಕೊನೆಯ ಪೀಲ್ ಮೂರು ವಾರ ಮುಂಚೆ. ಪೀಲ್ ಆದ ವಾರವೇ ಅರಿಶಿನ ಶಾಸ್ತ್ರ ಬಂದರೆ ಮುಖ ಬಿಟ್ಟು ಕೈಕಾಲಿಗೆ ಹಚ್ಚಿಸಿಕೊಳ್ಳಿ.

ಕ್ಲಿನಿಕ್ಕಿನಲ್ಲಿ ಚುಚ್ಚುವವರು ಯಾರು ಅಂತ ಕೇಳಲು ಸಂಕೋಚ ಬೇಡ. ಎಂಬಿಬಿಎಸ್ ಮೇಲೆ ಚರ್ಮರೋಗದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ, ಇಲ್ಲವೇ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಇರಲಿ. ನಮ್ಮ ರಾಜ್ಯದಲ್ಲಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಚೀಟಿಯ ಮೇಲೆ ಇರುತ್ತದೆ. ಕೆಲವು ವಾರದ ಕೋರ್ಸಿನ "ಕಾಸ್ಮೆಟಾಲಜಿಸ್ಟ್" ಪ್ರಮಾಣಪತ್ರ ಇದಕ್ಕೆ ಸಮವಲ್ಲ. ಹಯಲುರಾನಿಡೇಸ್ ಕ್ಲಿನಿಕ್ಕಿನಲ್ಲೇ ಇದೆಯಾ ಅಂತ ಕೇಳಿ. ತರಿಸಬೇಕು ಅಂದರೆ ಅಲ್ಲಿ ಫಿಲ್ಲರ್ ಬೇಡ. ಫಿಲ್ಲರಿನ ಪೆಟ್ಟಿಗೆ ನಿಮ್ಮ ಎದುರೇ ಒಡೆಯಲಿ, ಅದರೊಳಗಿನ ಬ್ಯಾಚ್ ಸಂಖ್ಯೆಯ ಸ್ಟಿಕ್ಕರ್ ಒಂದು ನಿಮ್ಮ ಫೈಲಿಗೆ ಅಂಟಿಸಿಕೊಂಡೇ ಏಳಿ.