ಎರಡು ಯೂರೋ ಕ್ಯಾಸೆಟ್

ಇವತ್ತು ಜರ್ಮನಿಯ ಕಲೋನ್‌ನ ಹಳೇ ಸಾಮಾನಿನ ಸಂತೆಯಲ್ಲಿ ಟರ್ಕಿಯ ಅರಬೆಸ್ಕ್ ಗಾಯಕ ಮುಸ್ಲುಮ್ ಗುರ್ಸೆಸ್ ಅವರ ಕ್ಯಾಸೆಟ್ ಸಿಕ್ಕಿತು. ಎರಡು ಯೂರೋ. ಡಬ್ಬಿ ಒಡೆದಿದೆ, ಕವರ್ ಮೇಲೆ ಯಾರೋ ಚಹಾ ಲೋಟ ಇಟ್ಟ ಉಂಗುರದ ಕಲೆ. ಮನೆಗೆ ಬಂದು, ಸಡಿಲಾದ ಟೇಪನ್ನು ಪೆನ್ಸಿಲ್ ತೂರಿಸಿ ಸುತ್ತಿ, ಪ್ಲೇಯರ್‌ಗೆ ಹಾಕಿದೆ. ಮೊದಲು ಪಿಟೀಲುಗಳ ದಂಡು, ಆಮೇಲೆ ಆ ಭಾರವಾದ ದನಿ. ಅಭಿಮಾನಿಗಳು ಇವರನ್ನು 'ಬಾಬಾ' ಅಂತ, ಅಂದ್ರೆ ಅಪ್ಪ ಅಂತ, ಸುಮ್ನೆ ಕರೆದಿಲ್ಲ.

ಅರಬೆಸ್ಕ್ ಅಂದ್ರೆ ಹಳ್ಳಿ ಬಿಟ್ಟು ಇಸ್ತಾಂಬುಲ್ ಸೇರಿ, ಗೆಜೆಕೊಂಡು ಅನ್ನುವ, ರಾತ್ರೋರಾತ್ರಿ ಎಬ್ಬಿಸಿದ ಮನೆಗಳಲ್ಲಿ ಬದುಕಿದವರ ಹಾಡು. ಟರ್ಕಿಯ ಸರ್ಕಾರಿ ರೇಡಿಯೋ-ಟಿವಿ ಸಂಸ್ಥೆ ಟಿಆರ್‌ಟಿ ಇದನ್ನು ವರ್ಷಗಟ್ಟಲೆ ಹತ್ತಿರ ಸೇರಿಸಲಿಲ್ಲ. ಆದರೇನು, ಮಿನಿಬಸ್ಸುಗಳಲ್ಲಿ ಊರೆಲ್ಲ ಸುತ್ತಿತು. ದುಡಿಯಲು ಜರ್ಮನಿಗೆ ಬಂದವರ ಚೀಲದಲ್ಲಿ ಇಲ್ಲಿಗೂ ಬಂತು. ಈ ಸಂಗೀತದ ದೊಡ್ಡ ಹೆಸರು ಗಾಯಕ ಒರ್ಹಾನ್ ಗೆಂಜೆಬಾಯ್. ತಮಾಷೆ ನೋಡಿ, ತಮ್ಮ ಸಂಗೀತಕ್ಕೆ ಅರಬೆಸ್ಕ್ ಅನ್ನೋ ಹೆಸರೇ ಸರಿಯಲ್ಲ ಅನ್ನುತ್ತಾರೆ ಅವರು!

ಅರಬೆಸ್ಕ್ ಗಾಯಕಿ ಬೆರ್ಗೆನ್ ಅವರ ಕ್ಯಾಸೆಟ್ ಮಾತ್ರ ಇನ್ನೂ ಒಂದೂ ಸಿಕ್ಕಿಲ್ಲ. ಆಸಿಡ್ ದಾಳಿಯಲ್ಲಿ ಒಂದು ಕಣ್ಣು ಹೋದಮೇಲೂ, ಅದನ್ನು ಕೂದಲಿನಿಂದ ಮುಚ್ಚಿಕೊಂಡು ಹಾಡಿದವರು. 1989ರಲ್ಲಿ ಮಾಜಿ ಗಂಡನೇ ಗುಂಡಿಟ್ಟು ಕೊಂದ. ಆಗ ಅವರಿಗೆ ವಯಸ್ಸು ಮೂವತ್ತರ ಆಸುಪಾಸು ಅಷ್ಟೇ. ಅವರ ದನಿಯನ್ನು ಫೋನಿನಲ್ಲಿ ಕೇಳಬಹುದು, ಆದರೂ ಕೈಯಲ್ಲಿ ಹಿಡಿಯೋ ಆಸೆ ಬೇರೆ ಅಲ್ವಾ?

ಅಂದಹಾಗೆ, ಇವತ್ತಿನ ಕ್ಯಾಸೆಟ್ಟಿನ ಇನ್ನೊಂದು ಬದಿಯಲ್ಲಿ, ಹಾಡಿನ ನಡುವೆಯೇ ಎರಡು ನಿಮಿಷ ಯಾವುದೋ ಮಗುವಿನ ನಗು. ಯಾರೋ ಮೇಲೆಯೇ ರೆಕಾರ್ಡ್ ಮಾಡಿಬಿಟ್ಟಿದ್ದಾರೆ. ಮೂರು ಸಲ ಕೇಳಿದೆ.